ಅಕ್ಷರ ಮೊದಲೋ, ಪದ ಮೊದಲೋ

ನಮ್ಮ ಮನೆಯಲ್ಲಿ ಆರು ವರ್ಷದ ಮೊಮ್ಮಗಳಿದ್ದಾಳೆ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಒಂದನೆಯ ತರಗತಿ. ಕಳೆದ ಬೇಸಗೆಯ ಒಂದು ಸಂಜೆ ಬಣ್ಣದ ಚಿತ್ರಗಳ ಇಂಗ್ಲಿಷ್ ಪುಸ್ತಕವೊಂದನ್ನು ಎತ್ತಿಕೊಂಡು ಬಂದು, ನನ್ನ ಪಕ್ಕದಲ್ಲಿ ಕುಳಿತು, ಗಟ್ಟಿಯಾಗಿ ಓದತೊಡಗಿದಳು. ಎಲ್ಲಿಯೂ ತಡವರಿಸಲಿಲ್ಲ. ಬೆರಳು ಸಾಲಿನ ಕೆಳಗೆ ಓಡುತ್ತಿತ್ತು, ದನಿಯಲ್ಲಿ ಏರಿಳಿತವಿತ್ತು. ತಾತನಾದವನಿಗೆ ಹಿಗ್ಗಾಗುವುದು ಸಹಜ. ನಾಲ್ಕೈದು ಪುಟ ಕಳೆದ ಮೇಲೆ, ‘ಪೋನಿ’ ಎಂದು ಅಚ್ಚಾಗಿದ್ದ ಪದವನ್ನು ಅವಳು ‘ಹಾರ್ಸ್’ ಎಂದು ಓದಿದಳು. ಪಕ್ಕದಲ್ಲಿ ಕುದುರೆಯ ಚಿತ್ರವಿತ್ತು. ಅರ್ಥವೇನೋ ಕೆಡಲಿಲ್ಲ, ಆದರೆ ಅಲ್ಲಿ ಬರೆದಿದ್ದ ಮೊದಲ ಅಕ್ಷರಕ್ಕೂ ಅವಳ ಬಾಯಿಂದ ಬಂದ ಮೊದಲ ದನಿಗೂ ಯಾವ ಸಂಬಂಧವೂ ಇರಲಿಲ್ಲ. ನನಗೆ ಏನೋ ಅನುಮಾನವಾಗಿ, ಚಿತ್ರದ ಮೇಲೆ ಅಂಗೈ ಇಟ್ಟು, “ಇನ್ನೊಂದು ಸಲ ಓದು ಪುಟ್ಟಿ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈ ತೆಗಿ ತಾತ, ಓದಕ್ಕೆ ಕಾಣ್ತಿಲ್ಲ” ಎಂದಳು.

ನನ್ನ ಕೈ ಒಂದು ಅಕ್ಷರವನ್ನೂ ಮುಚ್ಚಿರಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮಗುವಿನ ತಪ್ಪೇನೂ ಇರಲಿಲ್ಲ. ಅವಳಿಗೆ ಕಲಿಸಿಕೊಟ್ಟಿದ್ದೇ ಹಾಗೆ. ಚಿತ್ರ ನೋಡು, ಹಿಂದುಮುಂದಿನ ಮಾತು ನೋಡು, ಏನಿರಬಹುದೆಂದು ಊಹಿಸು. ಈ ಕಲಿಕೆಯ ಕ್ರಮ ಆ ಶಾಲೆಯ ಗುರುಗಳು ಹುಟ್ಟಿಸಿದ್ದಲ್ಲ. ಅದು ದೂರದ ದೇಶದಲ್ಲಿ ಸುಮಾರು ಇನ್ನೂರು ವರ್ಷಗಳಿಂದ ನಡೆದುಬಂದ ಒಂದು ಜಗಳದ ಉಳಿಕೆ. ಆ ಜಗಳದ ಕಥೆಯನ್ನು ಈ ಹೊತ್ತು ಸ್ವಲ್ಪ ಹೇಳಬೇಕೆಂದಿದ್ದೇನೆ.

ಜಗಳ ನಡೆದದ್ದು ಹೆಚ್ಚಾಗಿ ಅಮೆರಿಕದಲ್ಲಿ, ಇಂಗ್ಲಿಷ್ ಓದಿನ ಬಗ್ಗೆ. ಮಗುವಿಗೆ ಮೊದಲು ಅಕ್ಷರವನ್ನೂ ಅದರ ದನಿಯನ್ನೂ ಕಲಿಸಿ, ಅವನ್ನು ಕೂಡಿಸಿ ಪದ ಮಾಡಿಸಬೇಕೆ? ಅಥವಾ ಪರಿಚಿತರ ಮುಖವನ್ನು ಗುರುತು ಹಿಡಿಯುವಂತೆ ಇಡೀ ಪದವನ್ನೇ ಕಣ್ಣಿಗೆ ರೂಢಿ ಮಾಡಿಸಿ, ಅಕ್ಷರದ ಗೊಡವೆಯನ್ನು ಆಮೇಲೆ ನೋಡಿಕೊಳ್ಳಬೇಕೆ? ಮೊದಲನೆಯದನ್ನು ಅಲ್ಲಿನವರು ಫೋನಿಕ್ಸ್ ಎನ್ನುತ್ತಾರೆ. ನಾವು ದನಿಪದ್ಧತಿ ಎನ್ನೋಣ. ಎರಡನೆಯದು ಪದಪದ್ಧತಿ, ‘ನೋಡು, ಹೇಳು’ ಎಂಬ ಹೆಸರೂ ಅದಕ್ಕುಂಟು. ಕೇಳಿದರೆ ಉಪಾಧ್ಯಾಯರ ಕೊಠಡಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಬಹುದಾದ ಚರ್ಚೆ ಎನಿಸುತ್ತದೆ. ಆದರೆ ಶಾಸನಸಭೆಗಳೂ ಪತ್ರಿಕೆಗಳೂ ಇದಕ್ಕಾಗಿ ಹೋರಾಡಿವೆ. ವಿದ್ವಾಂಸರು ಒಬ್ಬರ ಮುಖ ಒಬ್ಬರು ನೋಡದಂತಾಗಿದ್ದಾರೆ.

ಕನ್ನಡಿಗರಾದ ನಮಗೆ ಈ ಸಮಸ್ಯೆಯೇ ಥಟ್ಟನೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ದನಿ. ಕ, ಮ, ಲ ಎಂದು ಬೇಗ ಬೇಗ ಹೇಳಿದರೆ ಕಮಲ ಅರಳುತ್ತದೆ. ಇಂಗ್ಲಿಷಿನಲ್ಲಿ ಸೀ, ಏ, ಟೀ ಎಂದು ಎಷ್ಟು ಬೇಗ ಹೇಳಿದರೂ ಬೆಕ್ಕು ಬರುವುದಿಲ್ಲ. ಅಕ್ಷರದ ಹೆಸರು ಬೇರೆ, ದನಿ ಬೇರೆ. ಅದರ ಮೇಲೆ 26 ಅಕ್ಷರಗಳು ಸುಮಾರು 44 ದನಿಗಳ ಭಾರ ಹೊರಬೇಕು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದದ್ದು 1476ರಲ್ಲಿ. ಕಾಗುಣಿತ ಅಚ್ಚಿನ ಮೊಳೆಗಳಲ್ಲಿ ಗಟ್ಟಿಯಾಗುತ್ತಿದ್ದ ಕಾಲದಲ್ಲೇ ಜನರ ಬಾಯಲ್ಲಿ ಸ್ವರಗಳು ಜಾರುತ್ತಿದ್ದವು. ಬರಹ ಒಂದು ಕಡೆ ನಿಂತಿತು, ಮಾತು ಮುಂದೆ ಹೋಯಿತು. ಓ, ಯೂ, ಜೀ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳು ಒಂದು ಪದದಲ್ಲಿ ‘ಥ್ರೂ’ ಆಗುತ್ತವೆ, ಇನ್ನೊಂದರಲ್ಲಿ ‘ರಫ್’ ಆಗುತ್ತವೆ, ಮತ್ತೊಂದರಲ್ಲಿ ‘ಕಾಫ್’ ಆಗುತ್ತವೆ. ಬಾನುಲಿಯಲ್ಲಿ ಅಕ್ಷರ ತೋರಿಸುವಂತಿಲ್ಲ, ಕೇಳಿಯೇ ತಿಳಿಯಬೇಕು. ಇಂಥ ಲಿಪಿಯನ್ನು ಮಗುವಿಗೆ ಹೇಗೆ ಕಲಿಸುವುದೆಂದು ಯಾರಾದರೂ ತಲೆ ಕೆಡಿಸಿಕೊಂಡರೆ ಆಶ್ಚರ್ಯವಿಲ್ಲ.

ಹಳೆಯ ಕ್ರಮ ಸರಳವಾಗಿತ್ತು, ನಿರ್ದಯವೂ ಆಗಿತ್ತು. ಇಂಗ್ಲೆಂಡಿನ ಮಕ್ಕಳ ಕೈಯಲ್ಲಿ ಹಿಡಿಕೆಯಿರುವ ಒಂದು ಸಣ್ಣ ಹಲಗೆ ಇರುತ್ತಿತ್ತು. ಅದರ ಮೇಲೆ ಅಂಟಿಸಿದ ಕಾಗದ. ಕಾಗದ ಕೊಳೆಯಾಗದಂತೆ ಮೇಲೊಂದು ತೆಳುವಾದ ಕೊಂಬಿನ ಹಾಳೆ. ಕಾಗದದಲ್ಲಿ ವರ್ಣಮಾಲೆ, ಅದರ ಕೆಳಗೆ ‘ಬ’ಕಾರಕ್ಕೆ ಸ್ವರಗಳು ಒಂದೊಂದಾಗಿ ಸೇರಿದ ಸಾಲು, ಕೊನೆಗೆ ಕ್ರೈಸ್ತರ ಪ್ರಾರ್ಥನೆ. ಆ ನಡುವಣ ಸಾಲನ್ನು ನೋಡಿದರೆ ನಮ್ಮ ಕಾಗುಣಿತದ ದೂರದ ನೆಂಟನಂತೆ ಕಾಣುತ್ತದೆ. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1783ರಲ್ಲಿ ಪ್ರಕಟಿಸಿದ ಕಾಗುಣಿತದ ಪುಸ್ತಕವೂ ಇದೇ ದಾರಿಯದು; ಅಕ್ಷರ, ಅಕ್ಷರಜೋಡಿ, ಸಣ್ಣ ಪದ, ದೊಡ್ಡ ಪದ. ನೀಲಿ ರಟ್ಟಿನ ಆ ಪುಸ್ತಕದಿಂದ ತಲೆಮಾರುಗಳು ಓದು ಕಲಿತವು. ಆದರೆ ಅರ್ಥವಿಲ್ಲದ ಈ ಅಕ್ಷರಜೋಡಿಗಳನ್ನು ಮಕ್ಕಳು ತಿಂಗಳುಗಟ್ಟಲೆ ಉರುಹೊಡೆಯಬೇಕಾಗಿತ್ತು. ತಪ್ಪಿದರೆ ಬೆತ್ತ.

ಈ ಕಥೆಯಲ್ಲಿ ನಮ್ಮ ಕಡೆಯದೊಂದು ಸಣ್ಣ ಪಾತ್ರವೂ ಇದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ. ಒಂದು ದಿನ ಊರಿನ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡ. ತನ್ನ ಶಾಲೆಯಲ್ಲೂ ಹಾಗೆ ಮಾಡಿಸಲು ಹೊರಟರೆ ಉಪಾಧ್ಯಾಯರು ಒಲ್ಲೆವೆಂದರು. ಕೊನೆಗೆ ಎಂಟು ವರ್ಷದ ಹುಡುಗನೊಬ್ಬನಿಗೆ ಕಲಿಸುವ ಕೆಲಸ ವಹಿಸಿದ. ಹುಡುಗ ಮಾಡಿ ತೋರಿಸಿದ. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಇದನ್ನು ಕುರಿತು ಪುಸ್ತಕ ಬರೆದ ಮೇಲೆ ‘ಮದರಾಸು ಪದ್ಧತಿ’ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹೋಯಿತು. ಅಲ್ಲಿ ಹೆಸರು ಮಾಡಿದ್ದು ಹಿರಿಯ ಹುಡುಗ ಕಿರಿಯನಿಗೆ ಕಲಿಸುವ ಏರ್ಪಾಡು. ಮರಳಿನ ತಟ್ಟೆಯೂ ಜೊತೆಗೇ ಹಡಗು ಹತ್ತಿತ್ತು.

ಇಡೀ ಪದದಿಂದಲೇ ಓದು ಆರಂಭವಾಗಲಿ ಎಂಬ ಯೋಚನೆಯನ್ನು ಫ್ರಾನ್ಸಿನ ನಿಕೊಲಾ ಆದಾಂ 1787ರಲ್ಲೇ ಮುಂದಿಟ್ಟಿದ್ದ. ಮಗುವಿಗೆ ಅಂಗಿಯನ್ನು ತೋರಿಸುವಾಗ ಇದು ತೋಳು, ಇದು ಗುಂಡಿ, ಇದು ಜೇಬು ಎಂದು ಬಿಡಿಬಿಡಿಯಾಗಿ ತೋರಿಸುವುದುಂಟೆ, ಇಡೀ ಅಂಗಿಯನ್ನಲ್ಲವೆ ತೋರಿಸುವುದು ಎಂಬುದು ಅವನ ವಾದದ ಸಾರ. ಅಮೆರಿಕದಲ್ಲಿ ಅದಕ್ಕೆ ಬೇರೆಯೇ ಒಂದು ಮೂಲವಿದೆ. ತಾಮಸ್ ಗ್ಯಾಲಡೆಟ್ ಎಂಬಾತ 1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಕಿವುಡ ಮಕ್ಕಳ ಶಾಲೆಯನ್ನು ತೆರೆಯುವುದರಲ್ಲಿ ಮುಂದಾಳಾಗಿದ್ದ. ದನಿಯೇ ಕೇಳಿಸದ ಮಗುವಿಗೆ ಅಕ್ಷರದ ದನಿ ಕಲಿಸುವುದೆಂತು? ಆದ್ದರಿಂದ ಚಿತ್ರ ತೋರಿಸಿ, ಪಕ್ಕದಲ್ಲಿ ಪದ ಬರೆದು, ಪದದ ಆಕಾರವನ್ನೇ ವಸ್ತುವಿನ ಗುರುತಾಗಿ ಕಲಿಸಿದ. ಆ ಮಕ್ಕಳ ಮಟ್ಟಿಗೆ ಅದು ವಿವೇಕದ ದಾರಿ. ಆದರೆ 1830ರ ದಶಕದಲ್ಲಿ ಅದೇ ಕ್ರಮವನ್ನು ಅನುಸರಿಸಿ ಕಿವಿ ಕೇಳುವ ಮಕ್ಕಳಿಗೂ ಪಾಠದ ಪುಸ್ತಕ ಬರೆದ. ದನಿಯನ್ನು ಕೇಳಬಲ್ಲ ಮಕ್ಕಳಿಗೆ ದನಿಯಿಲ್ಲದ ಓದು ಬಂದದ್ದು ಹೀಗೆ. ಇದನ್ನು ಓದಿದಾಗಲೆಲ್ಲ ನನಗೆ ವಿಚಿತ್ರವೆನಿಸುತ್ತದೆ.

ಈಗ ಕಥೆಯ ಮುಖ್ಯ ಪುರುಷ ಹೊರೇಸ್ ಮ್ಯಾನ್‌ನ ಬಳಿಗೆ ಬರೋಣ. ಬಡತನದಲ್ಲಿ ಬೆಳೆದವನು, ವಕೀಲನಾದ, ಮ್ಯಾಸಚೂಸೆಟ್ಸ್ ರಾಜ್ಯದ ಮೇಲ್ಮನೆಯ ಅಧ್ಯಕ್ಷನಾದ. 1837ರಲ್ಲಿ ಅದನ್ನೆಲ್ಲ ಬಿಟ್ಟು ರಾಜ್ಯದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯ ಕೆಲಸ ಹಿಡಿದ. ಊರೂರು ತಿರುಗಿ, ಮುರುಕು ಬೆಂಚಿನ ಶಾಲೆಗಳನ್ನು ಕಂಡು, ಬಡವನ ಮಗುವೂ ಧನಿಕನ ಮಗುವೂ ಒಂದೇ ಶಾಲೆಯಲ್ಲಿ ಕೂರಬೇಕೆಂದು ಹನ್ನೆರಡು ವರ್ಷ ದುಡಿದ. ಅಮೆರಿಕದ ಸಾರ್ವಜನಿಕ ಶಾಲೆಗೆ ತಂದೆಯೆಂಬ ಹೆಸರಿದ್ದರೆ ಅವನಿಗೇ. ಅಂಥವನ ಕರುಳಿಗೆ ಆ ಅಕ್ಷರದ ಉರು ಸಹಿಸಲಾಗಲಿಲ್ಲ. ಹಕ್ಕಿ, ಹೂವು, ಹಣ್ಣು ಎಂದರೆ ಕಣ್ಣರಳಿಸುವ ಮಗುವಿನ ಮುಂದೆ ರಕ್ತಮಾಂಸವಿಲ್ಲದ ಅಸ್ಥಿಪಂಜರಗಳಂಥ ಅಕ್ಷರಗಳನ್ನು ತಂದು ನಿಲ್ಲಿಸಿದರೆ ಅದು ಬೆದರದೆ ಇನ್ನೇನು ಮಾಡೀತು ಎಂಬುದು ಅವನ ಅಳಲು. ಮಗು ಅರ್ಥವಿರುವ ಪದದಿಂದಲೇ ಓದನ್ನು ತೊಡಗಲಿ ಎಂದ.

1843ರಲ್ಲಿ ಮದುವೆಯಾಗಿ ಹೆಂಡತಿಯೊಡನೆ ಯೂರೋಪಿಗೆ ಹೋದ. ಹೊಸ ದಂಪತಿಗಳು ಶಾಲೆ, ಸೆರೆಮನೆ, ಹುಚ್ಚಾಸ್ಪತ್ರೆಗಳನ್ನು ನೋಡುತ್ತ ತಿರುಗಿದರಂತೆ. ಆ ಹೆಂಡತಿಯ ಸಹನೆಯನ್ನೂ ಮೆಚ್ಚಬೇಕು. ಹಿಂತಿರುಗಿ ತನ್ನ ಏಳನೆಯ ವಾರ್ಷಿಕ ವರದಿಯಲ್ಲಿ ಪ್ರಷ್ಯದ ಶಾಲೆಗಳನ್ನು ಬಾಯ್ತುಂಬ ಹೊಗಳಿದ. ಅಲ್ಲಿ ಉಪಾಧ್ಯಾಯರು ಮಕ್ಕಳನ್ನು ಹೊಡೆಯದೆ, ನಗುನಗುತ್ತ ಪಾಠ ಹೇಳುತ್ತಾರೆ ಎಂದ. ಅಕ್ಷರಗಳ ಹೆಸರನ್ನು ಹೇಳಿಸದೆ ದನಿಯನ್ನೇ ಹೇಳಿಸುತ್ತಾರೆಂಬುದನ್ನೂ ಅವನು ಕಂಡಿದ್ದ, ಬರೆದಿದ್ದ. ತಾನು ಹುಡುಕುತ್ತಿದ್ದ ಪರಿಹಾರದ ಒಂದು ಪಾಲು ಅಲ್ಲಿಯೇ ಇತ್ತು. ಅದು ಅವನ ವಾದದ ನಡುಮನೆಗೆ ಬರಲಿಲ್ಲ.

ವರದಿ ಓದಿ ಬಾಸ್ಟನ್ ನಗರದ ಉಪಾಧ್ಯಾಯರು ಕೆರಳಿದರು. 1844ರಲ್ಲಿ 31 ಮಂದಿ ಒಟ್ಟಾಗಿ ಸಹಿ ಹಾಕಿ ಪುಸ್ತಕವೊಂದನ್ನೇ ಅಚ್ಚುಹಾಕಿಸಿದರು. ಅದರ ಒಂದು ಭಾಗ ಓದು ಕಲಿಸುವುದನ್ನು ಕುರಿತದ್ದು. ಬರೆದವನು ಸ್ಯಾಮ್ಯುಯಲ್ ಗ್ರೀನ್. ಇಂದು ನೋಡಿದರೂ ವಾದ ಗಟ್ಟಿಯಾಗಿದೆ. ವರ್ಣಮಾಲೆಯ ಹೆಚ್ಚುಗಾರಿಕೆಯೇ ಕೆಲವೇ ಗುರುತುಗಳಿಂದ ಎಲ್ಲ ಪದಗಳನ್ನೂ ಬರೆಯಬಹುದೆಂಬುದು. ಒಂದೊಂದು ಪದವನ್ನೂ ಒಂದೊಂದು ಚಿತ್ರದಂತೆ ಕಲಿಸಿದರೆ ಆ ಲಾಭವನ್ನು ಕೈಯಾರೆ ಚೆಲ್ಲಿದಂತೆ. ಮಗುವಿಗೆ ನೂರು ಪದ ಕಲಿಸಿದರೆ ನೂರೇ ಬರುತ್ತದೆ, ನೂರೊಂದನೆಯದು ಬರುವುದಿಲ್ಲ. ಅಲ್ಲದೆ ಕಷ್ಟವನ್ನು ಮುಂದಕ್ಕೆ ತಳ್ಳಿದರೆ ಕಷ್ಟ ಇಲ್ಲದಾಗುವುದಿಲ್ಲ.

ಆದರೆ ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ ಅದೇ ಉಪಾಧ್ಯಾಯರು ಬೆತ್ತವನ್ನು ಎತ್ತಿ ಹಿಡಿದಿದ್ದರು. ಶಾಲೆಯಲ್ಲಿ ಶಿಸ್ತಿರಬೇಕಾದರೆ ದಂಡನೆ ಬೇಕೆಂದು ವಾದಿಸಿದ್ದರು. ಮ್ಯಾನ್ ಉತ್ತರ ಬರೆದ. ಅವರು ಪ್ರತ್ಯುತ್ತರ ಬರೆದರು. ಅವನು ಮತ್ತೆ ಬರೆದ. ಸಾಮಾನ್ಯ ಓದುಗನಿಗೆ ಕಂಡದ್ದು ಇಷ್ಟು: ಒಂದು ಕಡೆ ಮಕ್ಕಳ ಮೇಲೆ ಕರುಣೆಯಿದ್ದ ದೊಡ್ಡ ಮನುಷ್ಯ, ಇನ್ನೊಂದು ಕಡೆ ಬೆತ್ತ ಹಿಡಿದ ಮೂವತ್ತೊಂದು ಮಂದಿ. 1845ರಲ್ಲಿ ಮ್ಯಾನ್‌ನ ಗೆಳೆಯರು ಬಾಸ್ಟನ್ನಿನ ಶಾಲೆಗಳಲ್ಲಿ ಲಿಖಿತ ಪರೀಕ್ಷೆ ನಡೆಸಿದಾಗ ಫಲ ಕಳಪೆಯಾಗಿ ಬಂದು ಉಪಾಧ್ಯಾಯರ ಮರ್ಯಾದೆಯೂ ಹೋಯಿತು. ಅಕ್ಷರದ ಬಗ್ಗೆ ಅವರು ಹೇಳಿದ್ದು ಸರಿಯಾಗಿತ್ತು. ಬೆತ್ತದ ಬಗ್ಗೆ ಮ್ಯಾನ್ ಹೇಳಿದ್ದು ಸರಿಯಾಗಿತ್ತು. ಎರಡನ್ನೂ ಒಪ್ಪುವವರಿಗೆ ಆ ಜಗಳದಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳಿರುವುದು ಇಲ್ಲಿ. ಅಂದು ಅಕ್ಷರ ಬೆತ್ತದ ಪಕ್ಷಕ್ಕೆ ಸೇರಿಹೋಯಿತು, ಪದ ಕರುಣೆಯ ಪಕ್ಷಕ್ಕೆ ಸೇರಿತು. ಮುಂದೆ ಒಂದೂವರೆ ಶತಮಾನದವರೆಗೆ, ಮಗುವನ್ನು ಪ್ರೀತಿಸುವವರು ಅಕ್ಷರವನ್ನು ಸಂಶಯದಿಂದ ನೋಡುವುದು ವಾಡಿಕೆಯಾಯಿತು.

ಪದಪದ್ಧತಿ ಆ ಕೂಡಲೆ ಎಲ್ಲ ಕಡೆ ಗೆದ್ದುಬಿಟ್ಟಿತೆಂದಲ್ಲ. ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ಆಮೇಲೆ. 1885-86ರ ಸುಮಾರಿನಲ್ಲಿ ಜೇಮ್ಸ್ ಕ್ಯಾಟೆಲ್ ಎಂಬ ಅಮೆರಿಕದ ತರುಣ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಣ್ಣಿನ ವೇಗವನ್ನು ಅಳೆಯುತ್ತಿದ್ದ. ರೆಪ್ಪೆ ಬಡಿಯುವುದಕ್ಕಿಂತ ಕಡಮೆ ಹೊತ್ತು ಅಕ್ಷರವನ್ನು ತೋರಿಸಿದ, ಪದವನ್ನು ತೋರಿಸಿದ. ಬಿಡಿ ಅಕ್ಷರವನ್ನು ಗುರುತಿಸಲು ಬೇಕಾದಷ್ಟೇ ಹೊತ್ತಿನಲ್ಲಿ ಓದು ಬಲ್ಲವರು ಇಡೀ ಪದವನ್ನು ಗುರುತಿಸಿದರು. ಪ್ರಯೋಗದಲ್ಲಿ ದೋಷವಿರಲಿಲ್ಲ, ಅದರಿಂದ ಹೊರಟ ತರ್ಕದಲ್ಲಿತ್ತು. ನುರಿತವರು ಪದವನ್ನು ಒಟ್ಟಾಗಿ ನೋಡುತ್ತಾರೆ, ಆದ್ದರಿಂದ ಕಲಿಯುವವರಿಗೂ ಪದವನ್ನು ಒಟ್ಟಾಗಿಯೇ ತೋರಿಸೋಣ ಎಂದರು. ನುರಿತ ವೈಣಿಕ ತಂತಿಯನ್ನು ನೋಡದೆ ನುಡಿಸುತ್ತಾನೆಂದು, ಮೊದಲ ದಿನದ ಶಿಷ್ಯನಿಗೆ ಕಣ್ಣುಕಟ್ಟಿ ವೀಣೆ ಕೊಟ್ಟಂತಾಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಶಾಲೆಗಳು ಹೆಚ್ಚಾಗಿ ಈ ದಾರಿ ಹಿಡಿದವು. ವಿಲಿಯಂ ಗ್ರೇ ಎಂಬ ಪ್ರಾಧ್ಯಾಪಕನ ನೇತೃತ್ವದಲ್ಲಿ 1930ರಿಂದ ಬಂದ ವಾಚಕಗಳಲ್ಲಿ ಡಿಕ್ ಎಂಬ ಹುಡುಗ, ಜೇನ್ ಎಂಬ ಹುಡುಗಿ, ಅವರ ಪುಟ್ಟ ತಂಗಿ, ನಾಯಿ, ಬೆಕ್ಕು. ಅಚ್ಚುಕಟ್ಟಾದ ಮನೆ, ಹಸಿರು ಹುಲ್ಲು. ಹೊಸ ಪದಗಳು ಎಣಿಸಿ ಎಣಿಸಿ ಬರುತ್ತಿದ್ದವು. ಬಂದ ಪದ ಮನಸ್ಸಿನಲ್ಲಿ ಊರುವವರೆಗೂ ಮತ್ತೆ ಮತ್ತೆ ಬರುತ್ತಿತ್ತು. ನಾಯಿ ಓಡುವುದನ್ನು ನೋಡಿರೆಂದು ಮಕ್ಕಳು ಒಬ್ಬರಿಗೊಬ್ಬರು ಎಷ್ಟು ಸಲ ಹೇಳುತ್ತಾರೆಂದರೆ ನಾಯಿಗೇ ಬೇಸರ ಬರಬೇಕು. ಅಕ್ಷರದ ಉರು ಬೇಸರವೆಂದು ಹೊರಟವರು ಬಂದು ನಿಂತದ್ದು ಇಲ್ಲಿ! ಎಡ್ವರ್ಡ್ ಡಾಲ್ಚ್ ಎಂಬಾತ 1936ರಲ್ಲಿ ಮಕ್ಕಳು ನೋಡಿದೊಡನೆ ಹೇಳಬೇಕಾದ 220 ಪದಗಳ ಪಟ್ಟಿಯನ್ನೇ ಮಾಡಿಕೊಟ್ಟ. ಗ್ರೇ ಅಕ್ಷರದ ದನಿಯನ್ನು ಪೂರ್ತಿ ಹೊರಗೆ ಹಾಕಿದವನಲ್ಲವೆಂಬುದನ್ನೂ ಹೇಳಬೇಕು. ಆದರೆ ಅದು ತಡವಾಗಿ, ಹಿತ್ತಿಲ ಬಾಗಿಲಿನಿಂದ ಬರುತ್ತಿತ್ತು.

ಎಲ್ಲ ಮಕ್ಕಳಿಗೂ ಇದರಿಂದ ಕೇಡಾಯಿತೆ? ಇಲ್ಲ. ಕೆಲವು ಮಕ್ಕಳು ಯಾವ ಕ್ರಮದಲ್ಲಿ ಕಲಿಸಿದರೂ ಅಕ್ಷರದ ಗುಟ್ಟನ್ನು ತಾವೇ ಹಿಡಿದುಬಿಡುತ್ತಾರೆ. ಕೆಲವರಿಗೆ ಮನೆಯಲ್ಲಿ ತಾಯಿಯೋ ಅಜ್ಜಿಯೋ ಸದ್ದಿಲ್ಲದೆ ಹೇಳಿಕೊಡುತ್ತಾರೆ. ಉಳಿದವರು ಮೊದಲೆರಡು ವರ್ಷ ಜಾಣರಂತೆಯೇ ಕಾಣುತ್ತಾರೆ. ಪುಸ್ತಕದಲ್ಲಿ ಚಿತ್ರಗಳು ಕಡಮೆಯಾಗಿ ಪದಗಳು ಹೆಚ್ಚಾದಾಗ ನಿಂತುಬಿಡುತ್ತಾರೆ. ತನಗೆ ಕಲಿಸಿಲ್ಲವೆಂದು ಮಗುವಿಗೆ ತಿಳಿಯುವುದಿಲ್ಲ, ತಾನು ದಡ್ಡ ಎಂದುಕೊಳ್ಳುತ್ತದೆ. ಅಯೋವದ ನರರೋಗ ವೈದ್ಯ ಸ್ಯಾಮ್ಯುಯಲ್ ಆರ್ಟನ್ ಬುದ್ಧಿಯಿದ್ದೂ ಓದು ಬಾರದ ಮಕ್ಕಳನ್ನು ಪರೀಕ್ಷಿಸಿ, ಅಂಥವರಿಗೆ ಈ ನೋಟದ ಓದು ಹಾನಿಕರವಾಗಬಹುದೆಂದು 1929ರಲ್ಲೇ ಎಚ್ಚರಿಸಿದ್ದ. ಆ ಎಚ್ಚರಿಕೆ ಶಾಲೆಗಳನ್ನು ಮುಟ್ಟಲಿಲ್ಲ.

ಮುಟ್ಟಿಸಿದವನು ರುಡಾಲ್ಫ್ ಫ್ಲೆಶ್. ವಿಯೆನ್ನದವನು, 1938ರಲ್ಲಿ ನಾಟ್ಸಿಗಳ ಕೈಯಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವನು. ಓದಲು ಬಾರದ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಪಾಠ ಹೇಳಹೊರಟು, ಅವನಿಗೆ ಅಕ್ಷರಗಳ ದನಿಯನ್ನೇ ಯಾರೂ ಹೇಳಿಕೊಟ್ಟಿಲ್ಲವೆಂದು ಕಂಡುಕೊಂಡ. ತನ್ನ ಜರ್ಮನ್ ಭಾಷೆಯ ಸೀಮೆಯಲ್ಲಿ ಇಂಥ ಸಮಸ್ಯೆಯನ್ನೇ ಕಾಣದವನಿಗೆ ಸಿಟ್ಟು ಬಂತು. ಜಾನಿಗೆ ಓದು ಏಕೆ ಬರುವುದಿಲ್ಲ ಎಂಬರ್ಥದ ಹೆಸರಿಟ್ಟು 1955ರಲ್ಲಿ ಅವನು ಪ್ರಕಟಿಸಿದ ಪುಸ್ತಕ ತಿಂಗಳುಗಟ್ಟಲೆ ಬಿಸಿಬಿಸಿಯಾಗಿ ಖರ್ಚಾಯಿತು. ತಂದೆತಾಯಿಗಳು ಮೆಚ್ಚಿದರು, ಪ್ರಾಧ್ಯಾಪಕರು ಮುಖ ತಿರುಗಿಸಿದರು. ಭಾಷೆ ಒರಟಾಗಿತ್ತು, ಉತ್ಪ್ರೇಕ್ಷೆಯಿತ್ತು. ಮತ್ತೆ ಅದೇ ಕಥೆ, ಮಾತು ನಿಜ, ಆಡಿದ ರೀತಿ ಸಹಿಸಲಾಗದ್ದು. ಆ ಗದ್ದಲದಿಂದ ಒಂದು ಸಿಹಿ ಫಲವೂ ಬಂತು. ವಾಚಕಗಳ ನೀರಸತನವನ್ನು ಜಾನ್ ಹರ್ಸಿ ಎಂಬ ಲೇಖಕ 1954ರಲ್ಲಿ ಹಳಿದಿದ್ದ. ಪ್ರಕಾಶಕನೊಬ್ಬ ಥಿಯೊಡೋರ್ ಗೈಸೆಲ್‌ಗೆ ಸವಾಲು ಹಾಕಿದ. ಡಾಕ್ಟರ್ ಸೂಸ್ ಎಂಬ ಹೆಸರಿನ ಆತ 1957ರಲ್ಲಿ ಟೊಪ್ಪಿಗೆ ತೊಟ್ಟ ಬೆಕ್ಕಿನ ಕಥೆಯನ್ನು 236 ಪದಗಳಲ್ಲಿ ಬರೆದುಕೊಟ್ಟ. ಪದಗಳ ಪಟ್ಟಿಯ ಬೇಲಿಯೊಳಗೆ ಪ್ರಾಸ ಕಟ್ಟಲು ಅವನು ಪಟ್ಟ ಪಾಡನ್ನು ಕವಿಗಳಾದವರು ಊಹಿಸಬಲ್ಲರು.

ಹಾರ್ವರ್ಡಿನ ಜೀನ್ ಚಾಲ್ ಮೂರು ವರ್ಷ ಶಾಲೆಗಳನ್ನೂ ಹಳೆಯ ಸಂಶೋಧನೆಗಳನ್ನೂ ಶೋಧಿಸಿ, 1967ರಲ್ಲಿ ಶಾಂತವಾದ ಭಾಷೆಯಲ್ಲಿ ತೀರ್ಪು ಕೊಟ್ಟರು: ಅಕ್ಷರ-ದನಿಗಳ ಸಂಬಂಧವನ್ನು ಮೊದಲೇ ಕ್ರಮವಾಗಿ ಕಲಿಸಿದ ಮಕ್ಕಳೇ ಮೇಲು. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಅದೇ 1967ರಲ್ಲಿ ಕೆನೆತ್ ಗುಡ್‌ಮನ್ ಓದು ಎನ್ನುವುದು ಒಂದು ಬಗೆಯ ಊಹೆಯ ಆಟ ಎಂಬ ವಾದ ಹೂಡಿದರು. ನುರಿತವನು ಎಲ್ಲ ಅಕ್ಷರವನ್ನೂ ನೋಡುವುದಿಲ್ಲ, ಸಂದರ್ಭದಿಂದ ಪದವನ್ನು ಊಹಿಸುತ್ತ ಹೋಗುತ್ತಾನೆ ಎಂಬ ವಾದ. ಫ್ರ್ಯಾಂಕ್ ಸ್ಮಿತ್ ಅದನ್ನೇ ಬೆಳೆಸಿದರು. ಮಾತು ಕಲಿಯುವಷ್ಟೇ ಸಹಜವಾಗಿ ಮಗು ಓದನ್ನೂ ಕಲಿಯುತ್ತದೆ, ಒಳ್ಳೆಯ ಪುಸ್ತಕಗಳ ನಡುವೆ ಬಿಟ್ಟರೆ ಸಾಕು ಎಂದರು. ಹಳೆಯ ಪದಪದ್ಧತಿ ಇಲ್ಲಿ ಹೊಸ ಅಂಗಿ ತೊಟ್ಟು ಬಂತು. ಪದಗಳ ಉರು ಹೋಯಿತು, ಅದರ ಸ್ಥಾನದಲ್ಲಿ ಊಹೆ ಕುಳಿತಿತು. ನನ್ನ ಮೊಮ್ಮಗಳ ಕುದುರೆ ಬಂದದ್ದು ಈ ಲಾಯದಿಂದ.

ಇಲ್ಲಿಯೂ ಪಕ್ಷಗಳಾದವು. ಅಕ್ಷರ ಕಲಿಸಬೇಕೆನ್ನುವವರು ಹಳಬರು, ಸಂಪ್ರದಾಯವಾದಿಗಳು. ಇಡಿಯ ಭಾಷೆ ಎನ್ನುವವರು ಪ್ರಗತಿಪರರು, ಮಗುವಿನ ಮಿತ್ರರು. ಕ್ಯಾಲಿಫೋರ್ನಿಯ ರಾಜ್ಯ 1987ರಲ್ಲಿ ಹೊಸ ಪಠ್ಯಕ್ರಮದ ಚೌಕಟ್ಟನ್ನು ಸಾಹಿತ್ಯದ ಹೆಸರಿನಲ್ಲಿ ತಂದಿತು. 1994ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅದರ ನಾಲ್ಕನೆಯ ತರಗತಿಯ ಮಕ್ಕಳು ಪಟ್ಟಿಯ ಕೆಳತುದಿಯಲ್ಲಿದ್ದರು. ತುಂಬಿ ತುಳುಕುವ ತರಗತಿಗಳು, ಹಣದ ಕೊರತೆ, ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳು ಎಂದು ಬೇರೆ ಕಾರಣಗಳನ್ನೂ ಹೇಳಿದರು, ಅವು ಸುಳ್ಳಲ್ಲ. ಆದರೂ ಆ ಚೌಕಟ್ಟು ಬಂದಾಗ ರಾಜ್ಯದ ಶಿಕ್ಷಣ ಮುಖ್ಯಸ್ಥರಾಗಿದ್ದ ಬಿಲ್ ಹಾನಿಗ್, ನಾವು ತಪ್ಪಿದೆವು ಎಂದು ಬಹಿರಂಗವಾಗಿ ಒಪ್ಪಿಕೊಂಡು, ದನಿಪದ್ಧತಿಯ ಪರವಾಗಿ 1996ರಲ್ಲಿ ಪುಸ್ತಕ ಬರೆದರು. ಅಧಿಕಾರದಲ್ಲಿದ್ದವರು ಹಾಗೆ ಒಪ್ಪಿಕೊಳ್ಳುವುದು ಎಲ್ಲಿಯೂ ಅಪರೂಪ.

ಊಹೆಯ ವಾದವನ್ನು ಕೆಡವಿದ ಪ್ರಯೋಗವೂ ಸ್ವಾರಸ್ಯವಾದದ್ದು. ಕೀತ್ ಸ್ಟ್ಯಾನೊವಿಚ್, ರಿಚರ್ಡ್ ವೆಸ್ಟ್ ಎಂಬ ಇಬ್ಬರು ತರುಣರು 1970ರ ದಶಕದಲ್ಲಿ ಸ್ಮಿತ್‌ರ ಮಾತನ್ನು ನಂಬಿ, ಅದನ್ನು ರುಜುವಾತುಪಡಿಸಲೆಂದೇ ಹೊರಟರು. ಕಂಡದ್ದು ತಲೆಕೆಳಗು. ಸಂದರ್ಭವನ್ನು ನೆಚ್ಚಿ ಪದ ಊಹಿಸುವವರು ಓದು ಬಾರದವರು. ಚೆನ್ನಾಗಿ ಓದುವವರು ಪದವನ್ನೇ ನೋಡುತ್ತಾರೆ, ಅದೂ ಅಕ್ಷರ ಅಕ್ಷರವನ್ನೂ ಬಿಡದೆ, ಆದರೆ ಅಳೆಯಲಾಗದಷ್ಟು ಬೇಗ. ಹಾಗಾದರೆ ಕ್ಯಾಟೆಲ್ ಕಂಡ ವೇಗ ಎಲ್ಲಿಂದ ಬಂತು? ಅಕ್ಷರ ಕೂಡಿಸಿ ಒಂದು ಪದವನ್ನು ಕೆಲವು ಬಾರಿ ಓದಿದ ಮೇಲೆ ಅದು ಮಗುವಿನ ಮನಸ್ಸಿನಲ್ಲಿ ಅಕ್ಷರ, ದನಿ, ಅರ್ಥ ಮೂರೂ ಹೆಣೆದುಕೊಂಡು ನೆಲೆಯಾಗುತ್ತದೆ. ಆಮೇಲೆ ನೋಡಿದೊಡನೆ ಹೊಳೆಯುತ್ತದೆ. ಲಿನಿಯ ಎರಿ, ಡೇವಿಡ್ ಶೇರ್ ಮೊದಲಾದವರ ಸಂಶೋಧನೆ ಇದನ್ನು ಬಿಡಿಸಿ ತೋರಿಸಿದೆ. ನೋಟದ ಓದು ಸುಳ್ಳಲ್ಲ. ಅದು ಅಕ್ಷರದ ಹೊಲದಲ್ಲಿ ಬೆಳೆಯುವ ಫಸಲು. ಅದನ್ನೇ ಬೀಜವೆಂದುಕೊಂಡದ್ದು ತಪ್ಪು.

ಮುಂದಿನದನ್ನು ಬೇಗ ಹೇಳುತ್ತೇನೆ. ಅಮೆರಿಕದ ಸಂಸತ್ತು 1997ರಲ್ಲಿ ಏರ್ಪಡಿಸಿದ ತಜ್ಞರ ಸಮಿತಿ 2000ದಲ್ಲಿ ದನಿಪದ್ಧತಿಯ ಪರ ವರದಿ ಕೊಟ್ಟಿತು. ಜೊತೆಗೆ ಅದೊಂದೇ ಸಾಲದು, ಪದಸಂಪತ್ತು, ನಿರರ್ಗಳತೆ, ಅರ್ಥಗ್ರಹಣ ಎಲ್ಲವೂ ಬೇಕೆಂದಿತು. ಈ ಎರಡನೆಯ ಮಾತನ್ನು ದನಿಪದ್ಧತಿಯ ಕಟ್ಟಾ ಭಕ್ತರು ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯ ನಂತರ ದನಿಪದ್ಧತಿ ಶಾಲೆಗಳ ನಿಯಮವಾಯಿತು. 2012ರಿಂದ ಅಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ 40 ಪದಗಳನ್ನು ಓದಿಸುತ್ತಾರೆ. ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಊಹಿಸಲು ಎಡೆಯಿರಬಾರದೆಂದು ಹಾಗೆ. ಅರ್ಥವಿಲ್ಲದ್ದನ್ನು ಮಗುವಿನ ಕೈಲಿ ಓದಿಸುವುದೆಂದರೆ ಮ್ಯಾನ್‌ನ ಆತ್ಮ ನರಳುತ್ತಿರಬಹುದು, ನಾನೂ ಮೊದಲು ಮುಖ ಸಿಂಡರಿಸಿದೆ. ಕಾರಣ ತಿಳಿದ ಮೇಲೆ ಒಪ್ಪಿದೆ. ಬಡ ರಾಜ್ಯವಾದ ಮಿಸಿಸಿಪಿ 2013ರಲ್ಲಿ ಕಾನೂನು ಮಾಡಿ, ಉಪಾಧ್ಯಾಯರಿಗೆ ಹೊಸದಾಗಿ ತರಬೇತಿ ಕೊಟ್ಟು, 2019ರ ಹೊತ್ತಿಗೆ ನಾಲ್ಕನೆಯ ತರಗತಿಯ ಓದಿನಲ್ಲಿ ರಾಷ್ಟ್ರದ ಸರಾಸರಿಗೆ ಸಮನಾಗಿ ನಿಂತಿತು. 2022ರಲ್ಲಿ ಎಮಿಲಿ ಹ್ಯಾನ್‌ಫರ್ಡ್ ಎಂಬ ಪತ್ರಕರ್ತೆ ಊಹೆಯ ಓದಿನ ಚರಿತ್ರೆಯನ್ನು ಧ್ವನಿ ಕಾರ್ಯಕ್ರಮಗಳ ಸರಣಿಯಾಗಿ ಪ್ರಸಾರ ಮಾಡಿದರು. ಅದನ್ನು ಕೇಳಿ ಎಷ್ಟೋ ತಂದೆತಾಯಿಗಳು ತಮ್ಮ ಮಕ್ಕಳ ಪುಸ್ತಕ ತೆರೆದು ನೋಡಿದರು. ಹಲವು ರಾಜ್ಯಗಳಲ್ಲಿ ಕಾನೂನು ಬದಲಾಯಿತು. ಕಣ್ಣಿನ ಜಗಳವನ್ನು ಕಿವಿ ತೀರ್ಮಾನಿಸಿದ್ದು ಬಾನುಲಿಯ ಮುಂದೆ ಕುಳಿತ ನನಗೆ ಸಂತೋಷದ ಸಂಗತಿ.

ನಮ್ಮ ಕನ್ನಡದ ಮಾತನ್ನೂ ಸ್ವಲ್ಪ ಹೇಳಬೇಕು. ನನ್ನ ತಂದೆ ಕೂಲಿಮಠದಲ್ಲಿ ಕಲಿತವರು. ಕಕ್ಕೆ ತಲೆಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ ಎಂದು ಐಗಳ ಮುಂದೆ ರಾಗವಾಗಿ ಹೇಳಿ, ಮರಳಿನಲ್ಲಿ ತಿದ್ದಿ ಕಲಿತದ್ದು. ಬಾಯಿ, ಕಿವಿ, ಬೆರಳು, ಕಣ್ಣು ನಾಲ್ಕೂ ಒಟ್ಟಿಗೆ ದುಡಿಯುತ್ತಿದ್ದ ಕ್ರಮ. ಆ ಮಠದಲ್ಲಿ ಕೋದಂಡವೂ ಇತ್ತು. ಅದನ್ನು ತಂದೆಯವರು ಕೊನೆಯವರೆಗೂ ಮರೆಯಲಿಲ್ಲ. ನಮ್ಮಲ್ಲೂ ಅಕ್ಷರಕ್ಕೂ ಶಿಕ್ಷೆಗೂ ಗಂಟುಬಿದ್ದಿತ್ತು. ಮುಂದೆ ನಮ್ಮ ಪಾಠಪುಸ್ತಕದವರು ಅ ಆ ಇ ಈ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದಾಗ ಹಿರಿಯರು ಹುಬ್ಬುಗಂಟಿಕ್ಕಿದರು. ನನಗೆ ಮಾತ್ರ ಅದು ಜಾಣತನವಾಗಿ ಕಂಡಿತು. ಆ ಐದೇ ಅಕ್ಷರ ಬಂದರೆ ಮಗು ಅರಸ, ಸರ, ಗರಗಸ ಎಂದು ಓದಬಲ್ಲದು, ದಸರವನ್ನೂ ಓದಬಲ್ಲದು. ಅಕ್ಷರವೂ ಉಂಟು, ಅರ್ಥವೂ ಉಂಟು. ಬಾಸ್ಟನ್ನಿನವರು ಕೂಡಿಸಲಾರದೆ ಹೋದ ಎರಡು ತುದಿಗಳು ಅಲ್ಲಿ ಸೇರಿದ್ದವು. ಹಾಗೆಂದು ಕನ್ನಡದ ಓದು ಸಲೀಸೆಂದು ಹಿಗ್ಗಬೇಕಾಗಿಲ್ಲ. ಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳಾಗುತ್ತವೆ. ಅವು ಕೈವಶವಾಗಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಹಿಡಿಯುತ್ತದೆಂದು ಬೆಂಗಳೂರಿನ ಸೊನಾಲಿ ನಾಗ್ ಅವರ ಸಂಶೋಧನೆ ತೋರಿಸಿದೆ. ಎರಡನೆಯ ತರಗತಿಗೇ ಅಕ್ಷರ ಮುಗಿಯಿತೆಂದು ನಾವು ಕೈತೊಳೆದುಕೊಳ್ಳುತ್ತೇವೆ.

ಬೇಸಗೆಯ ಆ ಸಂಜೆಯ ಮೇಲೆ ನಾನೂ ಮೊಮ್ಮಗಳೂ ದಿನಕ್ಕೆ ಹತ್ತು ನಿಮಿಷ, ಊಟದ ಮೊದಲು, ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಕೂರುತ್ತಿದ್ದೇವೆ. ಇಂಗ್ಲಿಷ್ ಅಕ್ಷರದ ಹೆಸರು ಹೇಳುವುದಿಲ್ಲ, ದನಿ ಮಾತ್ರ. ಮೊದಲ ವಾರ ಅವಳಿಗೆ ಸಿಟ್ಟೇ ಬಂತು. ಸಲೀಸಾಗಿ ಓದುತ್ತಿದ್ದವಳನ್ನು ತಾತ ತೊದಲುವಂತೆ ಮಾಡಿದ್ದ. ಮೊನ್ನೆ ನನ್ನ ಔಷಧದ ಡಬ್ಬಿಯನ್ನು ಕೈಗೆತ್ತಿಕೊಂಡು ಹಿಂದುಮುಂದು ತಿರುಗಿಸಿದಳು. ಅದರ ಮೇಲೆ ಚಿತ್ರವಿರಲಿಲ್ಲ, ಉದ್ದನೆಯ ಒಂದು ಹೆಸರಿತ್ತು. ಬೆರಳಿಟ್ಟು, ತುಂಡು ತುಂಡಾಗಿ, ಕೊನೆಯವರೆಗೂ ಓದಿದಳು. ಉಚ್ಚಾರಣೆ ಎರಡು ಕಡೆ ತಪ್ಪಿತ್ತು. “ಹಂಗಂದ್ರೆ ಏನು ತಾತ?” ಎಂದು ಕೇಳಿದಳು. ರಕ್ತದೊತ್ತಡದ ಗುಳಿಗೆ ಎಂದೆ.